ಮಲೆನಾಡಿನ ಮನೆಗೆ ಹೈ-ಫೈ: ಹೊಸ ತಂತ್ರಜ್ಞಾನ ಅಂದರೆ ಯಾವುದು, ಅದನ್ನು ಕೂರಿಸುವುದು ಹೇಗೆ

ಹೈ-ಫೈ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬದ ಮೇಲಿನ ಅಂಕಿಗಳು: 32 ಬಿಟ್, 768 ಕಿಲೋಹರ್ಟ್ಸ್, 300 ವ್ಯಾಟ್, ಚಿನ್ನದ ಲೇಪದ ಪಿನ್ನು. ಈ ಅಂಕಿಗಳಿಗೂ, ತೀರ್ಥಹಳ್ಳಿಯದೋ ಸಾಗರದ್ದೋ ಒಂದು ಹಂಚಿನ ಮನೆಯ ನಡುಮನೆಯಲ್ಲಿ ಕೂತವರ ಕಿವಿಗೆ ಬೀಳುವ ಸದ್ದಿಗೂ ಸಂಬಂಧ ತೀರಾ ಕಡಿಮೆ. ಹೊಸ ತಂತ್ರಜ್ಞಾನ ಎಂದು ಕರೆಸಿಕೊಳ್ಳಲು ನಿಜವಾಗಿ ಅರ್ಹವಾದವು ನಮ್ಮ ಲೆಕ್ಕದಲ್ಲಿ ಎರಡೇ. ಒಂದು, ಕೋಣೆಯನ್ನು ಮೈಕಿನಿಂದ ಅಳೆದು ಅದರ ದೋಷವನ್ನು ಡಿಜಿಟಲ್ ಆಗಿ ತಿದ್ದುವ ಡಿಎಸ್‌ಪಿ. ಇನ್ನೊಂದು, ಬಿಸಿಯಾಗದೆ ಕಡಿಮೆ ಕರೆಂಟಿನಲ್ಲಿ ದುಡಿಯುವ ಕ್ಲಾಸ್-ಡಿ ಆಂಪ್ಲಿಫೈಯರ್. ಉಳಿದದ್ದು ಒಂದೋ ಹಳೆಯ ಒಳ್ಳೆಯ ವಿದ್ಯೆ, ಇಲ್ಲವೇ ಮಾರಾಟದ ಮಾತು. ಮಳೆ, ಥಂಡಿ, ಸಿಡಿಲು, ಏರಿಳಿಯುವ ವೋಲ್ಟೇಜು ಇರುವ ನಮ್ಮ ಕಡೆ ಈ ಎರಡನ್ನೂ ಸರಿಯಾಗಿ ಕೂರಿಸುವ ಕ್ರಮವನ್ನು ಇಲ್ಲಿ ವಿವರವಾಗಿ ಕೊಟ್ಟಿದ್ದೇವೆ.

ಮೊದಲು ಹೊಸದು ಯಾವುದು, ಹಳೆಯದು ಯಾವುದು ನೋಡಿ

ಸ್ಪೀಕರಿನಿಂದ ಶುರು ಮಾಡೋಣ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನ್. ಈ ರಚನೆಯನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಪ್ರಕಟಿಸಿದ್ದು 1925ರಲ್ಲಿ. ಕೋನ್, ಸುರುಳಿ, ಅಯಸ್ಕಾಂತ ಸೇರಿದ ಈ ಘಟಕವೇ ಡ್ರೈವರ್. ಯಾವ ಡ್ರೈವರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು ಎಂಬ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಕೊಟ್ಟರು, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಇವತ್ತು ಮಾರುವ ಬಹುಪಾಲು ಸ್ಪೀಕರುಗಳು ನಿಂತಿರುವುದು ಇದೇ ತಳಹದಿಯ ಮೇಲೆ. ಆದ್ದರಿಂದ ಮನೆಯಲ್ಲಿ 20 ವರ್ಷದ ಒಳ್ಳೆಯ ಸ್ಪೀಕರ್ ಇದ್ದರೆ, ಹಳೆಯದಾಯಿತು ಎಂದು ಕೊಟ್ಟುಬಿಡಬೇಡಿ. ಸ್ಪೀಕರಿನಲ್ಲಿ ಹೊಸತೆಂದರೆ ಅಳೆಯುವ ವಿಧಾನ. ನೇರ ಎದುರಿನ ಸದ್ದನ್ನಷ್ಟೇ ಅಲ್ಲದೆ ಪೆಟ್ಟಿಗೆಯ ಸುತ್ತ ಎಲ್ಲ ಕೋನಗಳಿಂದ ಅಳೆದು ಗ್ರಾಫ್ ಮಾಡುವ ಪದ್ಧತಿ ಧ್ವನಿವಿಜ್ಞಾನಿ ಫ್ಲಾಯ್ಡ್ ಟೂಲ್ ಅವರ ಸಂಶೋಧನೆಯಿಂದ ಬಲಗೊಂಡಿತು. ಸ್ಪಿನೊರಾಮ ಎಂದು ಕರೆಯುವ ಈ ಗ್ರಾಫ್ ಸಿಗುವ ಸ್ಪೀಕರನ್ನೇ ಆರಿಸಿ. ಎದುರಿನ ಗೆರೆ ಸಮತಟ್ಟಾಗಿರಬೇಕು, ಪಕ್ಕಕ್ಕೆ ಹೋಗುವ ಸದ್ದಿನ ಗೆರೆ ಹಠಾತ್ ಕುಣಿಯದೆ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ನೋಡಬೇಕಾದ್ದು ಇಷ್ಟೇ.

ಇನ್ನು ಡಿಜಿಟಲ್ ಸದ್ದು. ಸಿಡಿ ಬಂದದ್ದು 1982ರಲ್ಲಿ: 16 ಬಿಟ್, 44.1 ಕಿಲೋಹರ್ಟ್ಸ್. 16 ಬಿಟ್ ಅಂದರೆ ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ 96 ಡೆಸಿಬಲ್ ಅಂತರ, 44.1 ಅಂದರೆ 22 ಸಾವಿರ ಹರ್ಟ್ಸ್‌ವರೆಗಿನ ಸ್ವರ. ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲೂ 20 ಸಾವಿರದ ಆಚೆ ಕೇಳುವುದಿಲ್ಲ. ಊರೆಲ್ಲ ಮಲಗಿದ ಮೇಲೂ ಕೋಣೆಯ ಮೂಲ ಸದ್ದು 30 ಡೆಸಿಬಲ್ ಆಸುಪಾಸು ಇರುತ್ತದೆ, ಜಡಿಮಳೆ ಬರುವಾಗ ಕೇಳುವುದೇ ಬೇಡ. ಹೀಗಿರುವಾಗ ಕೇಳುವವರಿಗೆ 24 ಬಿಟ್, 192 ಕಿಲೋಹರ್ಟ್ಸ್ ಫೈಲಿನಿಂದ ಲಾಭವಿಲ್ಲ. 24 ಬಿಟ್ ಬೇಕಾಗುವುದು ರೆಕಾರ್ಡಿಂಗ್ ಮಾಡುವಾಗ ಮತ್ತು ಡಿಎಸ್‌ಪಿಯ ಒಳಲೆಕ್ಕಕ್ಕೆ. ಎಂಕ್ಯೂಎ ಎಂಬ ವಿಶೇಷ ಫಾರ್ಮ್ಯಾಟಿಗಾಗಿ ಕೆಲವು ವರ್ಷ ಬೇರೆ ಡ್ಯಾಕ್ (ಡಿಜಿಟಲ್ ಫೈಲನ್ನು ಸದ್ದಿನ ಸಿಗ್ನಲ್ಲಾಗಿಸುವ ಉಪಕರಣ) ಮಾರಿದರು. 2023ರಲ್ಲಿ ಆ ಕಂಪನಿಯೇ ಆರ್ಥಿಕ ಸಂಕಷ್ಟದಿಂದ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಸಾಧಾರಣ ಬೆಲೆಯ, ಅಳತೆಯ ಫಲಿತಾಂಶ ಚೆನ್ನಾಗಿರುವ ಯಾವುದೇ ಡ್ಯಾಕ್ ಇವತ್ತು ಕಿವಿಯ ಮಿತಿಯನ್ನು ದಾಟಿದೆ. ಇಲ್ಲಿ ಹೆಚ್ಚು ಸುರಿಯುವ ದುಡ್ಡು ಪೂರಾ ವ್ಯರ್ಥ.

ಕೇಬಲ್ ವಿಷಯ ಇನ್ನೂ ಚಿಕ್ಕದು. ಸ್ಪೀಕರಿಗೆ 1.5 ಚದರ ಮಿಲಿಮೀಟರಿನ ತಾಮ್ರದ ಜೋಡಿ ವೈರ್ 8 ಮೀಟರ್‌ವರೆಗೆ ಸಾಕು, ಅದಕ್ಕಿಂತ ದೂರವಿದ್ದರೆ 2.5 ಹಾಕಿ. ತಾಮ್ರ ಬಳಿದ ಅಲ್ಯೂಮಿನಿಯಂ ವೈರ್ ಮಾತ್ರ ಬೇಡ. ತುದಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ನಮ್ಮ ಥಂಡಿಗೆ ಬೇಗ ಕೆಡುತ್ತದೆ.

ಕ್ಲಾಸ್-ಡಿ ನಮಗೆ ಏಕೆ ಹೇಳಿ ಮಾಡಿಸಿದಂತಿದೆ

ಹಳೆಯ ಕ್ಲಾಸ್-ಎಬಿ ಆಂಪ್ಲಿಫೈಯರ್ ಪೂರ್ತಿ ಜೋರಿನಲ್ಲಿ ಎಳೆದ ಕರೆಂಟಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಸ್ಪೀಕರಿಗೆ ಕೊಡುತ್ತದೆ. ಮನೆಯಲ್ಲಿ ಕೇಳುವ ಮಟ್ಟದಲ್ಲಿ ಅಷ್ಟೂ ಕೊಡುವುದಿಲ್ಲ, ಉಳಿದದ್ದು ಶಾಖ. ಕ್ಲಾಸ್-ಡಿಯಲ್ಲಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಸಲ ಪೂರ್ತಿ ಆನ್, ಪೂರ್ತಿ ಆಫ್ ಆಗುತ್ತವೆ. ನಡುವಿನ ಸ್ಥಿತಿಯಲ್ಲಿ ನಿಲ್ಲದ ಕಾರಣ ಶಾಖವಾಗಿ ಪೋಲಾಗುವುದು ಕಡಿಮೆ. ದಕ್ಷತೆ 85ರಿಂದ 90 ಶೇಕಡಾ ಮುಟ್ಟುತ್ತದೆ.

ನಮಗೆ ಇದಕ್ಕಿಂತ ಮುಖ್ಯವಾದ್ದು ಇದರ ಜೊತೆ ಬರುವ, ಒಳಬರುವ ವೋಲ್ಟೇಜು ಏರಿಳಿದರೂ ಒಂದೇ ಸಮನೆ ಕೊಡುವ ಎಸ್‌ಎಂಪಿಎಸ್ ಪವರ್ ಸಪ್ಲೈ. ಲೈನಿನ ಕೊನೆಯ ಒಂಟಿ ಮನೆಗಳಲ್ಲಿ ಸಂಜೆ ಪಂಪುಸೆಟ್ ಓಡುವಾಗ ವೋಲ್ಟೇಜು 170ಕ್ಕೆ ಇಳಿಯುವುದುಂಟು. ದೊಡ್ಡ ಟ್ರಾನ್ಸ್‌ಫಾರ್ಮರಿನ ಹಳೆಯ ಆಂಪ್ಲಿಫೈಯರಿನಲ್ಲಿ ಒಳಗಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದ್ದರಿಂದ 50 ವ್ಯಾಟಿನ ಆಂಪ್ಲಿಫೈಯರ್ 27 ವ್ಯಾಟಿಗೆ ಬಂದು ನಿಲ್ಲುತ್ತದೆ. ಚಂಡೆಯ ಪೆಟ್ಟು ಬಂದಾಗ ಸದ್ದು ಒಡೆಯುವುದು ಇದೇ ಕಾರಣಕ್ಕೆ. ಹಿಂಬದಿಯಲ್ಲಿ 100–240 ವೋಲ್ಟ್ ಎಂದು ಬರೆದಿರುವ ಎಸ್‌ಎಂಪಿಎಸ್ ಆಂಪ್ಲಿಫೈಯರ್ 170ರಲ್ಲೂ ತನ್ನ ಪೂರ್ತಿ ಶಕ್ತಿ ಕೊಡುತ್ತದೆ, ಸ್ಟೆಬಿಲೈಸರ್ ಬೇಕಾಗುವುದಿಲ್ಲ. 220–240 ಎಂದು ಮಾತ್ರ ಬರೆದಿದ್ದರೆ ಈ ಅನುಕೂಲ ಇಲ್ಲವೆಂದು ತಿಳಿಯಿರಿ.

ಇಲ್ಲಿ ಮೂರು ಎಚ್ಚರಿಕೆ.

ಡಬ್ಬದ ಮೇಲಿನ ವ್ಯಾಟ್ ನಂಬಬೇಡಿ, ಅಡಾಪ್ಟರ್ ನೋಡಿ. ಟಿಪಿಎ3255 ಚಿಪ್ ಇರುವ ಪುಟ್ಟ ಆಂಪ್ಲಿಫೈಯರಿನ ಮೇಲೆ 300 ವ್ಯಾಟ್ × 2 ಎಂದಿರುತ್ತದೆ. ಜೊತೆಗೆ ಕೊಟ್ಟಿರುವುದು 32 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಆಗಿದ್ದರೆ ಒಟ್ಟು ಸಿಗುವುದೇ 160 ವ್ಯಾಟ್, ಅದೂ ಎರಡು ಚಾನಲ್‌ಗೆ ಹಂಚಿ.

ಈ ಬಗೆಯ ಚಿಪ್ಪುಗಳಲ್ಲಿ ಸ್ಪೀಕರಿನ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಕೆಂಪು, ಕಪ್ಪು ಎರಡರಲ್ಲೂ ವೋಲ್ಟೇಜ್ ಇರುತ್ತದೆ. ಎಡ-ಬಲದ ಕಪ್ಪು ವೈರುಗಳನ್ನು ಒಟ್ಟಿಗೆ ಸೇರಿಸಿದರೆ, ಇಲ್ಲವೇ ತಗ್ಗಿನ ಸ್ವರಗಳನ್ನು (ಬಾಸ್) ಮಾತ್ರ ನುಡಿಸುವ ಹಳೆಯ ಸಬ್‌ವೂಫರಿನ ಸ್ಪೀಕರ್-ಲೆವೆಲ್ ಇನ್‌ಪುಟ್ಟಿನ ಮೂಲಕ ಕಪ್ಪು ವೈರ್ ಗ್ರೌಂಡಿಗೆ ತಾಗಿದರೆ ಚಿಪ್ ಸುಟ್ಟುಹೋಗಬಹುದು. ಸಬ್‌ವೂಫರಿಗೆ ಪ್ರೀ-ಔಟ್ ಸಾಕೆಟ್ಟಿನಿಂದಲೇ (ವರ್ಧಿಸುವ ಮೊದಲಿನ ಸಿಗ್ನಲ್ ಹೊರಬರುವ ಸಾಕೆಟ್) ಸಿಗ್ನಲ್ ಕೊಡಿ.

ಮೂರನೆಯದು, ಅಗ್ಗದ ಕ್ಲಾಸ್-ಡಿಯಲ್ಲಿ ಔಟ್‌ಪುಟ್ ಫಿಲ್ಟರು ಫೀಡ್‌ಬ್ಯಾಕಿನ ಹೊರಗಿರುತ್ತದೆ (ಫೀಡ್‌ಬ್ಯಾಕ್ ಎಂದರೆ ಹೊರಬರುವ ಸಿಗ್ನಲ್ಲನ್ನು ಮೂಲದೊಡನೆ ಹೋಲಿಸಿ ತಿದ್ದುವ ಏರ್ಪಾಡು). ಆಗ ಸ್ಪೀಕರಿನ ಇಂಪೀಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಬದಲಾದಂತೆ ಟ್ರೆಬಲ್ (ಎತ್ತರದ ಸ್ವರ) ಏರುತ್ತದೆ ಅಥವಾ ಇಳಿಯುತ್ತದೆ. ಒಂದೇ ಆಂಪ್ಲಿಫೈಯರ್ ಒಬ್ಬರ ಮನೆಯಲ್ಲಿ ಚುಚ್ಚುವಂತೆಯೂ ಇನ್ನೊಬ್ಬರ ಮನೆಯಲ್ಲಿ ಮಂಕಾಗಿಯೂ ಕೇಳುವುದಕ್ಕೆ ಇದೊಂದು ಕಾರಣ. ವಿವರಣೆಯಲ್ಲಿ ಪಿಎಫ್‌ಎಫ್‌ಬಿ ಎಂದಿದ್ದರೆ ಫಿಲ್ಟರಿನ ನಂತರದಿಂದ ಫೀಡ್‌ಬ್ಯಾಕ್ ತೆಗೆದಿದ್ದಾರೆ ಎಂದರ್ಥ. ಅಂಥದ್ದನ್ನೇ ಕೊಳ್ಳಿ.

ಎಷ್ಟು ವ್ಯಾಟ್ ಬೇಕು? ಸ್ಪೀಕರಿನ ಸಂವೇದನೆ 1 ವ್ಯಾಟಿಗೆ 1 ಮೀಟರಿನಲ್ಲಿ 86 ಡೆಸಿಬಲ್ ಎಂದಿಟ್ಟುಕೊಳ್ಳಿ. ಮೂರು ಮೀಟರ್ ದೂರಕ್ಕೆ ಸಾಧಾರಣ ಕೋಣೆಯಲ್ಲಿ ಸುಮಾರು 6 ಕಳೆಯಿರಿ, ಎರಡು ಸ್ಪೀಕರಿಗೆ 3 ಕೂಡಿ: 83. ತಾಳಮದ್ದಳೆಯ ಮಾತಿಗೆ 70 ಡೆಸಿಬಲ್ ಸಾಕು, ಅದಕ್ಕೆ ಒಂದು ವ್ಯಾಟ್ ಕೂಡ ಬೇಡ. ಆದರೆ ಚಂಡೆಯ ಪೆಟ್ಟು ಒಂದು ಕ್ಷಣ 100 ಮುಟ್ಟಬೇಕೆಂದರೆ ಇನ್ನೂ 17 ಡೆಸಿಬಲ್ ಬೇಕು, ಅಂದರೆ 50 ಪಟ್ಟು. ಚಾನಲ್ಲಿಗೆ 50 ನಿಜವಾದ ವ್ಯಾಟ್ ಇದ್ದರೆ ಸಾಧಾರಣ ನಡುಮನೆಗೆ ಕೊರತೆಯಾಗದು.

ಹಂತ 1: ಕರೆಂಟು ಮತ್ತು ಸಿಡಿಲು

ಸ್ಪೀಕರ್ ಮನೆಗೆ ಬರುವ ಮೊದಲು ಆಗಬೇಕಾದ ಕೆಲಸ ಇದು. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರಿನಿಂದ ಮೂರು ಪಿನ್ನಿನ ಸಾಕೆಟ್ ಅಳೆಸಿ. ಫೇಸ್-ನ್ಯೂಟ್ರಲ್ ನಡುವೆ ಮತ್ತು ಫೇಸ್-ಅರ್ಥ್ ನಡುವೆ ಬಹುತೇಕ ಒಂದೇ ಅಂಕಿ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ 2–3 ವೋಲ್ಟ್ ಮೀರಬಾರದು. ಫೇಸ್-ಅರ್ಥ್ 150 ತೋರಿಸಿದರೆ ಅಥವಾ ಅಂಕಿ ನಿಲ್ಲದೆ ಅಲೆದಾಡಿದರೆ ಅರ್ಥಿಂಗ್ ಕೆಟ್ಟಿದೆ. ಜಂಬಿಟ್ಟಿಗೆಯ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ ರೋಧ ಏರುತ್ತದೆ. ಹಾಗಾಗಿ ಮಾರ್ಚಿಯಿಂದ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕಿ. ಅರ್ಥ್ ಟೆಸ್ಟರಿನಲ್ಲಿ 5 ಓಮ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಒಳ್ಳೆಯದು.

ಅರ್ಥಿಂಗ್ ಸರಿಯಾದ ಮೇಲೆ ಮೇನ್ ಬೋರ್ಡಿನಲ್ಲಿ ಸರ್ಜನ್ನು (ಲೈನಿನಲ್ಲಿ ಹಠಾತ್ ನುಗ್ಗುವ ಅತಿ ವೋಲ್ಟೇಜನ್ನು) ಅರ್ಥಿಗೆ ಹರಿಸುವ ಟೈಪ್-2 ಎಸ್‌ಪಿಡಿ ಹಾಕಿಸಿ. ಅದರ ವೈರುಗಳು ಒಟ್ಟು ಅರ್ಧ ಮೀಟರ್ ಮೀರಬಾರದು. ವೈರ್ ಉದ್ದವಾದರೆ ಸರ್ಜ್ ಬಂದ ಕ್ಷಣದಲ್ಲಿ ಆ ವೈರಿನಲ್ಲೇ ನೂರಾರು ವೋಲ್ಟ್ ಏಳುತ್ತದೆ, ಎಸ್‌ಪಿಡಿ ಇದ್ದೂ ಇಲ್ಲದಂತಾಗುತ್ತದೆ. ಅದರ ಪುಟ್ಟ ಕಿಟಕಿಯಲ್ಲಿ ಹಸಿರು ಹೋಗಿ ಕೆಂಪು ಬಂದರೆ ಕಾರ್ಟ್ರಿಜ್ ಬದಲಿಸಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಎಸ್‌ಪಿಡಿಯಾಗಲಿ, ಸರ್ಜ್ ಪ್ರೊಟೆಕ್ಟರ್ ಎಂದು ಮಾರುವ ಎಕ್ಸ್‌ಟೆನ್ಷನ್ ಬೋರ್ಡಾಗಲಿ ತನ್ನ ಕೆಲಸ ಮಾಡಲಾರದು.

ಇಷ್ಟೆಲ್ಲ ಇದ್ದರೂ ಹತ್ತಿರ ಬಿದ್ದ ಸಿಡಿಲನ್ನು ತಡೆಯುವ ಉಪಕರಣ ಯಾವುದೂ ಇಲ್ಲ. ಭರಣಿ, ಕೃತ್ತಿಕೆಯ ಗುಡುಗು ಮಳೆಯಲ್ಲಿ, ಮತ್ತೆ ಚಿತ್ತಾ, ಸ್ವಾತಿಯಲ್ಲಿ, ಮೋಡ ಕಟ್ಟಿದೊಡನೆ ಪಿನ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನ ಒಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸರ್ಜ್ ಸುಲಭವಾಗಿ ಹಾರುತ್ತದೆ. ಬಹಳ ಜನ ಪವರ್ ಪಿನ್ ಕಿತ್ತು ಡಿಶ್ ಕೇಬಲ್ಲನ್ನೋ ಇಂಟರ್‌ನೆಟ್ಟಿನ ಲ್ಯಾನ್ ವೈರನ್ನೋ ಹಾಗೆಯೇ ಬಿಡುತ್ತಾರೆ. ಛಾವಣಿಯ ಡಿಶ್ಶಿನಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಆಂಪ್ಲಿಫೈಯರಿಗೆ ಸರ್ಜ್ ಬರುವುದು ಆ ದಾರಿಯಲ್ಲೇ. ಟಿವಿಯನ್ನು ಆಂಪ್ಲಿಫೈಯರಿಗೆ ಜೋಡಿಸಲು ಆಪ್ಟಿಕಲ್ ಕೇಬಲ್ ಬಳಸಿದರೆ ಈ ದಾರಿ ಮುಚ್ಚುತ್ತದೆ. ಅದರಲ್ಲಿ ಹರಿಯುವುದು ಬೆಳಕು, ಲೋಹವೇ ಇಲ್ಲ. ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ನೆಟ್ ಎಳೆಯುವುದಿದ್ದರೆ ಅಲ್ಲಿಯೂ ತಾಮ್ರ ಬೇಡ, ಫೈಬರ್ ಹಾಕಿ.

ಇನ್ವರ್ಟರ್ ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಆಂಪ್ಲಿಫೈಯರು ಗುರ್ ಎನ್ನುತ್ತದೆ, ಬಿಸಿಯೂ ಆಗುತ್ತದೆ. ಕ್ಲಾಸ್-ಡಿ ಸೆಟ್ಟು ಸ್ಟ್ರೀಮರ್ (ನೆಟ್ ಅಥವಾ ಡಿಸ್ಕಿನಿಂದ ಹಾಡು ತಂದು ನುಡಿಸುವ ಉಪಕರಣ) ಸೇರಿ ಸಾಧಾರಣ ಜೋರಿನಲ್ಲಿ 30 ವ್ಯಾಟ್ ಎಳೆದರೆ, 150 ಎಎಚ್ ಬ್ಯಾಟರಿಯ ಅರ್ಧ ಶಕ್ತಿಯಲ್ಲೇ ಇಡೀ ದಿನ ಹಾಡು ಕೇಳಬಹುದು. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಸ್ಪೀಕರಿನಲ್ಲಿ ಗುಂಯ್ ಎಂಬ ಹಮ್ ಬಂದರೆ ಹೀಗೆ ಹುಡುಕಿ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ನಿಂತರೆ ದೋಷ ಚಾರ್ಜರಿನ ಅರ್ಥಿನಿಂದ. ಟಿವಿಯ ಡಿಶ್ ಕೇಬಲ್ ಬಿಚ್ಚಿ, ನಿಂತರೆ ಅಲ್ಲಿಂದ. ಎರಡಕ್ಕೂ ಪರಿಹಾರ ಆಪ್ಟಿಕಲ್ ಜೋಡಣೆ, ಮತ್ತು ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್. ಹಮ್ ಹೋಗಲೆಂದು ಅರ್ಥ್ ಪಿನ್ ಮುರಿಯುವ ಅಭ್ಯಾಸ ಪ್ರಾಣಕ್ಕೆ ಅಪಾಯ. ಯಾರು ಹೇಳಿದರೂ ಮಾಡಬೇಡಿ.

ಹಂತ 2: ಕೋಣೆ

ಹಂಚಿನ ಮಾಡಿನ ಮನೆ ಮತ್ತು ಆರ್‌ಸಿಸಿ ಮನೆ ಸದ್ದಿನ ಮಟ್ಟಿಗೆ ಬೇರೆ ಬೇರೆ. ಹಂಚಿನ ಸಂದು, ಮರದ ಅಟ್ಟ, ಎರಡೂ ಕಡೆ ಬಾಗಿಲಿರುವ ನಡುಮನೆಯಲ್ಲಿ ಬಾಸ್ ಸೋರಿಹೋಗುತ್ತದೆ. ಗುಂಯ್‌ಗುಡುವುದು ಕಡಿಮೆ, ಬದಲಿಗೆ ಬಾಸ್ ತೆಳುವಾಗುತ್ತದೆ, ಸಬ್‌ವೂಫರ್ ಬೇಕೆನಿಸುತ್ತದೆ. ಆರ್‌ಸಿಸಿಯ ಚೌಕ ಕೋಣೆಯಲ್ಲಿ ಕಷ್ಟ ತಿರುಗುಮುರುಗು. 12 × 10 ಅಡಿಯ, 10 ಅಡಿ ಎತ್ತರದ ಕೋಣೆಯನ್ನು ತೆಗೆದುಕೊಳ್ಳಿ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಗೋಡೆಗಳ ನಡುವೆ ಅನುರಣಿಸುವ ಸ್ವರ ಸಿಗುತ್ತದೆ. 12 ಅಡಿಗೆ (3.66 ಮೀಟರ್) 47 ಹರ್ಟ್ಸ್, 10 ಅಡಿಗೆ (3.05 ಮೀಟರ್) 56 ಹರ್ಟ್ಸ್. ಅಗಲವೂ ಎತ್ತರವೂ ಒಂದೇ ಆದ್ದರಿಂದ 56ರಲ್ಲಿ ಎರಡು ಅನುರಣನ ಒಂದರ ಮೇಲೊಂದು ಕೂರುತ್ತವೆ. ತಬಲಾದ ಡಗ್ಗಾ, ಬಾಸ್ ಗಿಟಾರ್ ಇಲ್ಲಿ ಊದಿಕೊಂಡು ಕೇಳುವುದು ಇದರಿಂದಲೇ. ಮನೆಯಲ್ಲಿ ಬೇರೆ ಕೋಣೆ ಇದ್ದರೆ, ಮೂರು ಅಳತೆಗಳೂ ಬೇರೆ ಬೇರೆಯಾಗಿರುವುದನ್ನು ಆರಿಸಿ.

ಕೂರುವ ಜಾಗ ಕೋಣೆಯ ನಟ್ಟನಡುವೆ ಬೇಡ, ಉದ್ದದ ಅನುರಣನ ಅಲ್ಲಿ ಪೂರ್ತಿ ಸತ್ತಿರುತ್ತದೆ. ಹಿಂದಿನ ಗೋಡೆಗೆ ಒರಗಿಯೂ ಬೇಡ, ಅಲ್ಲಿ ಅದು ತಾರಕದಲ್ಲಿರುತ್ತದೆ. ಹಿಂಗೋಡೆಯಿಂದ ಉದ್ದದ 38 ಶೇಕಡಾ ದೂರದಿಂದ ಶುರು ಮಾಡಿ, 12 ಅಡಿ ಕೋಣೆಗೆ ಸುಮಾರು 1.4 ಮೀಟರ್. ಅಲ್ಲಿಂದ ಕುರ್ಚಿಯನ್ನು ಗೇಣು ಗೇಣು ಸರಿಸಿ ನೋಡಿ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಬದಿ 2ರಿಂದ 2.5 ಮೀಟರ್. ಟ್ವೀಟರ್ (ಟ್ರೆಬಲ್ ನುಡಿಸುವ ಸಣ್ಣ ಡ್ರೈವರ್) ಕಿವಿಯ ಮಟ್ಟಕ್ಕೆ, ಅಂದರೆ ಕುರ್ಚಿಯಲ್ಲಿ ಕೂತಾಗ ನೆಲದಿಂದ 90–100 ಸೆಂಟಿಮೀಟರಿಗೆ ಬರಬೇಕು. ದುಬಾರಿ ಸ್ಟ್ಯಾಂಡ್ ಬೇಕಿಲ್ಲ. 8 ಇಂಚು ಎತ್ತರದ ಮೂರು ಸಿಮೆಂಟ್ ಬ್ಲಾಕ್ ಒಂದರ ಮೇಲೊಂದು ಇಟ್ಟರೆ 61 ಸೆಂಟಿಮೀಟರ್, ಮೇಲೆ 35 ಸೆಂಟಿಮೀಟರಿನ ಬುಕ್‌ಶೆಲ್ಫ್ ಸ್ಪೀಕರ್ ಕೂತರೆ ಟ್ವೀಟರ್ ಹೆಚ್ಚುಕಡಿಮೆ ಸರಿಯಾದ ಜಾಗಕ್ಕೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಬ್ಲಾಕುಗಳ ನಡುವೆ ತೆಳುವಾಗಿ ಸಿಮೆಂಟ್ ಹಾಕಿ ಕೂರಿಸಿ. ಬರಿ ಜಂಬಿಟ್ಟಿಗೆ ಕಲ್ಲು ಬೇಡ, ಕೆಂಪು ಪುಡಿ ಉದುರಿ ಡ್ರೈವರಿನೊಳಗೆ ಸೇರುತ್ತದೆ.

ಸ್ಪೀಕರಿನ ಹಿಂದಿನ ಗೋಡೆ ಮತ್ತೊಂದು ಲೆಕ್ಕ ಕೇಳುತ್ತದೆ. ಗೋಡೆಗೆ ಬಡಿದು ಬಂದ ಸದ್ದು ನೇರ ಸದ್ದಿಗೆ ಎದುರಾಗಿ ಒಂದು ಸ್ವರವನ್ನು ಅಳಿಸುತ್ತದೆ: 343 ಭಾಗಿಸು ದೂರದ ನಾಲ್ಕರಷ್ಟು. 60 ಸೆಂಟಿಮೀಟರಿಗೆ 143 ಹರ್ಟ್ಸ್, ಅಂದರೆ ಗಂಡಸಿನ ದನಿಯ ಬುಡ. ಗೋಡೆಗೆ ಹತ್ತಿರ ತಂದಷ್ಟೂ ಆ ತಗ್ಗು ಮೇಲಿನ ಸ್ವರಗಳಿಗೆ ಹೋಗುತ್ತದೆ, ಅಲ್ಲಿ ಅದನ್ನು ಹೀರಿಸುವುದು ಸುಲಭ. ಹತ್ತಿರವಿಟ್ಟಾಗ ಹೆಚ್ಚುವ ಬಾಸನ್ನು ಡಿಎಸ್‌ಪಿಯಲ್ಲಿ ಇಳಿಸಬಹುದು. ಹಾಗಾಗಿ ಸಣ್ಣ ಕೋಣೆಯಲ್ಲಿ ಗೋಡೆಗೆ ಹತ್ತಿರ ಇಡುವುದೇ ಲೇಸು. ಆದರೆ ಅದು ಇರಚಲು ಹೊಡೆಯುವ ಹೊರಗೋಡೆಯಾಗಬಾರದು, ಒಳಗೋಡೆಯನ್ನೇ ಆರಿಸಿ, 15 ಸೆಂಟಿಮೀಟರ್ ಗಾಳಿ ಆಡಲು ಬಿಡಿ.

ಹೀರಿಸಲು 4 × 2 ಅಡಿಯ ಮರದ ಚೌಕಟ್ಟು, ಒಳಗೆ 50 ಮಿಲಿಮೀಟರ್ ದಪ್ಪದ, ಘನಮೀಟರಿಗೆ 48 ಕಿಲೋ ಸಾಂದ್ರತೆಯ ರಾಕ್‌ವೂಲ್, ಮೇಲೆ ಗಾಳಿಯಾಡುವ ಹತ್ತಿ ಬಟ್ಟೆ. ಗೋಡೆಯಿಂದ ಇನ್ನೂ 50 ಮಿಲಿಮೀಟರ್ ಬಿಟ್ಟು ತೂಗುಹಾಕಿ. ಹಾಗೆ ಮಾಡಿದರೆ 400–500 ಹರ್ಟ್ಸ್‌ನಿಂದ ಮೇಲೆ ಚೆನ್ನಾಗಿ ಹೀರುತ್ತದೆ, ಮಳೆಗಾಲದಲ್ಲಿ ಹಿಂದೆ ಬೂಷ್ಟೂ ಹಿಡಿಯುವುದಿಲ್ಲ. ಸ್ಪೀಕರುಗಳ ಹಿಂದೆ ಎರಡು, ಪಕ್ಕದ ಗೋಡೆಗಳಲ್ಲಿ ಎರಡು ಸಾಕು. ಪಕ್ಕದ ಜಾಗ ಗೊತ್ತುಮಾಡಲು ನೀವು ಕುರ್ಚಿಯಲ್ಲಿ ಕೂತು ಇನ್ನೊಬ್ಬರಿಂದ ಗೋಡೆಯ ಮೇಲೆ ಕನ್ನಡಿ ಸರಿಸಿಸಿ, ಟ್ವೀಟರ್ ಕಂಡಲ್ಲಿ ಗುರುತು ಹಾಕಿ. ಕೈಗೆ ಮುಖಕ್ಕೆ ರಾಕ್‌ವೂಲ್ ತಾಗದಂತೆ ಗವಸು, ಮಾಸ್ಕ್ ಹಾಕಿಕೊಳ್ಳಿ. ಮೊಟ್ಟೆ ಟ್ರೇ, ಥರ್ಮಾಕೋಲ್ ಹೆಚ್ಚೇನೂ ಹೀರುವುದಿಲ್ಲ. ರೆಡ್ ಆಕ್ಸೈಡ್ ನೆಲಕ್ಕೆ ಸ್ಪೀಕರಿಗೂ ಕುರ್ಚಿಗೂ ನಡುವೆ ಒಂದು ದಪ್ಪ ಕಂಬಳಿ ಹಾಸಿದರೆ ಟ್ರೆಬಲ್ಲಿನ ಕಿರಿಕಿರಿ ತಗ್ಗುತ್ತದೆ.

ಹಂತ 3: ಅಳೆದು ತಿದ್ದುವುದು

ಹೊಸ ತಂತ್ರಜ್ಞಾನದ ತಿರುಳು ಇಲ್ಲಿದೆ. ಬೇಕಾದ್ದು ಒಂದು ಲ್ಯಾಪ್‌ಟಾಪ್, ಕ್ಯಾಲಿಬ್ರೇಷನ್ ಫೈಲ್ (ಮೈಕಿನ ತಪ್ಪನ್ನು ತಿದ್ದುವ ಕಡತ) ಜೊತೆ ಬರುವ ಯುಎಸ್‌ಬಿ ಮೈಕ್ (ಯುಮಿಕ್-1 ಹೆಚ್ಚು ಬಳಕೆಯಲ್ಲಿದೆ), ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ, ಮೈಕಿಗೊಂದು ಸ್ಟ್ಯಾಂಡ್. ಮೊಬೈಲಿನ ಮೈಕ್ ಮೊದಲು-ಆಮೇಲೆ ಹೋಲಿಸಲು ಆದೀತು, ನಿಖರ ಅಳತೆಗೆ ಸಾಲದು.

ಫ್ಯಾನ್, ಫ್ರಿಜ್ ಆಫ್ ಮಾಡಿ. ಮಳೆ ನಿಂತಿರುವ ಹೊತ್ತು ನೋಡಿಕೊಳ್ಳಿ, ಜೀರುಂಡೆ ಕೂಗುವ ಸಂಜೆ ಬೇಡ. ಮೈಕನ್ನು ಕಿವಿ ಇರುವ ಜಾಗದಲ್ಲಿ ನಿಲ್ಲಿಸಿ, ಕುರ್ಚಿಯ ಎತ್ತರದ ಒರಗು ಇದ್ದರೆ ತೆಗೆಯಿರಿ. ಮೈಕ್ ಮಾಡಿನ ಕಡೆ ಮುಖ ಮಾಡಿದ್ದರೆ 90 ಡಿಗ್ರಿ ಫೈಲ್, ಸ್ಪೀಕರಿನ ಕಡೆ ಮುಖ ಮಾಡಿದ್ದರೆ 0 ಡಿಗ್ರಿ ಫೈಲ್ ತುಂಬಿಸಿ. ಇದು ತಪ್ಪಿದರೆ ಟ್ರೆಬಲ್ ಗೆರೆ ಸುಳ್ಳು ಹೇಳುತ್ತದೆ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, ಸದ್ದು ಕೂರುವ ಜಾಗದಲ್ಲಿ 75 ಡೆಸಿಬಲ್. ಎಡ ಸ್ಪೀಕರಿಗೊಂದು, ಬಲಕ್ಕೊಂದು 20ರಿಂದ 20,000 ಹರ್ಟ್ಸ್ ಸ್ವೀಪ್ (ತಗ್ಗಿನಿಂದ ಎತ್ತರದವರೆಗೆ ಏರುತ್ತಾ ಹೋಗುವ ಸ್ವರ) ಓಡಿಸಿ. ಹೊರಗಿನ ಸದ್ದು ನಿಲ್ಲುವಂತಿಲ್ಲದಿದ್ದರೆ ಸ್ವೀಪಿನ ಉದ್ದ ಎರಡರಷ್ಟು ಮಾಡಿ. ಪ್ರತಿ ಸಲ ಇಮ್ಮಡಿಸಿದಾಗ ಗದ್ದಲದ ವಿರುದ್ಧ 3 ಡೆಸಿಬಲ್ ಗೆಲ್ಲುತ್ತೀರಿ. ತಲೆಯ ಸುತ್ತ 30 ಸೆಂಟಿಮೀಟರ್ ಒಳಗೆ ಐದಾರು ಕಡೆ ಅಳೆದು ಸರಾಸರಿ ತೆಗೆಯಿರಿ. ಒಂದೇ ಬಿಂದುವಿನ ಅಳತೆಗೆ ತಿದ್ದಿದರೆ ತಲೆ ಅಲುಗಿಸಿದೊಡನೆ ಸದ್ದು ಕೆಡುತ್ತದೆ.

ಈಗ ಗ್ರಾಫ್ ನೋಡಿ. ಮೇಲೆ ಹೇಳಿದ 12 × 10 ಕೋಣೆಯಾದರೆ 47 ಮತ್ತು 56ರ ಸುತ್ತ ಗುಡ್ಡಗಳು ಎದ್ದು ಕಾಣುತ್ತವೆ. ಎಲ್ಲಿಯವರೆಗೆ ತಿದ್ದಬೇಕು ಎಂಬುದಕ್ಕೂ ಒಂದು ಸೂತ್ರವಿದೆ: ಅನುರಣನದ ಅವಧಿಯನ್ನು (ಮೂಲ ಸದ್ದು ನಿಂತ ಮೇಲೂ ಅದು ಕೋಣೆಯಲ್ಲಿ ಸುಳಿದಾಡಿ ಅಡಗುವವರೆಗಿನ ಸಮಯ) ಕೋಣೆಯ ಘನ ಅಳತೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 2000ದಿಂದ ಗುಣಿಸಿ. ಅವಧಿ ಅರ್ಧ ಸೆಕೆಂಡ್, ಕೋಣೆ 34 ಘನಮೀಟರ್ ಆದರೆ ಸುಮಾರು 240 ಹರ್ಟ್ಸ್. ಅದರ ಕೆಳಗೆ ಕೋಣೆಯದೇ ಆಳ್ವಿಕೆ, ಅಲ್ಲಿ ತಿದ್ದಿ. ಅದರ ಮೇಲೆ ಕೇಳುವುದು ಮುಖ್ಯವಾಗಿ ಸ್ಪೀಕರಿನ ಗುಣ. ಅಲ್ಲಿ ಗ್ರಾಫಿನ ಪ್ರತಿ ಮುಳ್ಳನ್ನೂ ಸವರಲು ಹೋದರೆ ಸದ್ದು ನಿರ್ಜೀವವಾಗುತ್ತದೆ.

ಗುಡ್ಡಗಳನ್ನು ಇಳಿಸಿ, ಗುಂಡಿಗಳನ್ನು ತುಂಬಬೇಡಿ. ಗುಂಡಿ ಆಗಿರುವುದು ಎರಡು ಅಲೆ ಒಂದನ್ನೊಂದು ಅಳಿಸಿದ್ದರಿಂದ. ನೀವು 6 ಡೆಸಿಬಲ್ ಏರಿಸಿದರೆ ಅಳಿಸುವ ಅಲೆಯೂ 6 ಏರುತ್ತದೆ, ಗುಂಡಿ ಹಾಗೇ ಉಳಿಯುತ್ತದೆ, ಆಂಪ್ಲಿಫೈಯರ್ ಮಾತ್ರ ನಾಲ್ಕು ಪಟ್ಟು ದುಡಿಯುತ್ತದೆ. ಗುಂಡಿಗೆ ಮದ್ದು ಕುರ್ಚಿಯನ್ನೋ ಸ್ಪೀಕರನ್ನೋ ಸರಿಸುವುದು. ಗುಡ್ಡಕ್ಕೆ ಫಿಲ್ಟರ್ ಹೀಗಿರುತ್ತದೆ: 56 ಹರ್ಟ್ಸ್, ಮೈನಸ್ 9 ಡೆಸಿಬಲ್, ಕ್ಯೂ 6 (ಕ್ಯೂ ಹೆಚ್ಚಿದಷ್ಟೂ ಫಿಲ್ಟರ್ ಮುಟ್ಟುವ ಸ್ವರಗಳ ಹರವು ಕಿರಿದು). ಹೀಗೆ ಮೂರು-ನಾಲ್ಕು ಫಿಲ್ಟರ್ ಸಾಕು. ಇವನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಈಕ್ವಲೈಝರ್ ಎಪಿಒಗೆ, ರಾಸ್‌ಬೆರಿ ಪೈ ಇದ್ದರೆ ಕ್ಯಾಮಿಲ್ಲಾಡಿಎಸ್‌ಪಿಗೆ, ಇಲ್ಲವೇ ಪ್ಯಾರಾಮೆಟ್ರಿಕ್ ಇಕ್ಯೂ (ಸ್ವರ, ಡೆಸಿಬಲ್, ಕ್ಯೂ ಮೂರನ್ನೂ ಹೀಗೆ ಹೊಂದಿಸಬಲ್ಲ ಫಿಲ್ಟರ್) ಇರುವ ಸ್ಟ್ರೀಮರಿಗೆ ತುಂಬಿಸಿ. ಹೊಸ ಸ್ಟ್ರೀಮರ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಪ್ಯಾರಾಮೆಟ್ರಿಕ್ ಇಕ್ಯೂ ಇದೆಯೇ ಎಂಬುದೇ. ಬಿಟ್ಟು, ಕಿಲೋಹರ್ಟ್ಸ್ ಆಮೇಲೆ. ತುಂಬಿಸಿದ ಮೇಲೆ ಮತ್ತೆ ಅಳೆದು ಗುಡ್ಡ ಇಳಿದಿದೆಯೇ ಖಚಿತಪಡಿಸಿಕೊಳ್ಳಿ.

ಸಬ್‌ವೂಫರ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ನೀವು ಕೂರುವ ಜಾಗದಲ್ಲಿಟ್ಟು ಬಾಸ್ ಇರುವ ಹಾಡು ಹಾಕಿ. ಗೋಡೆಗಳ ಪಕ್ಕ ಕಿವಿಯನ್ನು ನೆಲದ ಹತ್ತಿರ ತಂದು ನಡೆದು ನೋಡಿ. ಎಲ್ಲಿ ಬಾಸ್ ಸ್ಪಷ್ಟವಾಗಿ, ಊದಿಕೊಳ್ಳದೆ ಕೇಳುತ್ತದೋ ಅದೇ ಸಬ್‌ವೂಫರಿನ ಜಾಗ. ಕ್ರಾಸ್‌ಓವರ್ (ಯಾವ ಸ್ವರದ ಕೆಳಗಿನದ್ದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ. ಅಟ್ಟದ ಮೇಲಿನ ಹಲಗೆ ನೆಲವಾದರೆ ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿ.

ಹಂಚಿನ ಮೇಲೆ ಮಳೆ ಜೋರಾದಾಗ ಮೆಲುದನಿಯ ಆಲಾಪ ಕೇಳಿಸುವುದಿಲ್ಲ. ವಾಲ್ಯೂಮ್ 10 ಡೆಸಿಬಲ್ ಏರಿಸಲು ಹತ್ತು ಪಟ್ಟು ವ್ಯಾಟ್ ಬೇಕು, ಅಷ್ಟಾದ ಮೇಲೆ ಜೋರಿನ ಭಾಗ ಕಿವಿಗಡಚಿಕ್ಕುತ್ತದೆ. ಇದಕ್ಕಿಂತ ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆಯಿರಿ, ದೂರ ಅರ್ಧವಾದರೆ ನೇರ ಸದ್ದು 6 ಡೆಸಿಬಲ್ ಏರುತ್ತದೆ. ಸ್ಟ್ರೀಮರಿನಲ್ಲಿ ನೈಟ್ ಮೋಡ್ ಇದ್ದರೆ ಹಾಕಿ. ಮೆಲ್ಲಗಿರುವುದನ್ನು ಎತ್ತಿ ಜೋರಾದದ್ದನ್ನು ಇಳಿಸುವ ಆ ಸೌಲಭ್ಯ ಆಗುಂಬೆ, ಹುಲಿಕಲ್ಲಿನ ಮಳೆಗೆ ಬಹಳ ಉಪಯೋಗಿ.

ಹಂತ 4: ಹಾಡು ಎಲ್ಲಿಂದ

ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ (ಸದ್ದನ್ನು ಕುಗ್ಗಿಸಿ ಕಳಿಸುವ ಒಂದು ವಿಧಾನ) ಸೆಕೆಂಡಿಗೆ 328 ಕಿಲೋಬಿಟ್, ಎಲ್‌ಡಿಎಸಿ 990ರವರೆಗೆ. ಸಿಡಿಯದು 1411. ಕಿವಿಗೆ ತಿಳಿಯುವ ವ್ಯತ್ಯಾಸ ದೊಡ್ಡದಲ್ಲ, ಆದರೆ ಫೋನ್ ಬಂದಾಗ ಹಾಡು ನಿಲ್ಲುವುದು, ಕೋಣೆ ದಾಟಿದರೆ ಕಡಿಯುವುದು ತೊಂದರೆ. ವೈ-ಫೈ ಸ್ಟ್ರೀಮರ್ ಲೇಸು. ದಪ್ಪ ಕಲ್ಲಿನ ಗೋಡೆಗಳನ್ನು 5 ಗಿಗಾಹರ್ಟ್ಸ್ ದಾಟುವುದಿಲ್ಲ, 2.4ಕ್ಕೆ ಜೋಡಿಸಿ. ಮಳೆಗಾಲದಲ್ಲಿ ನೆಟ್ ಹೋಗುವುದು ಖಾತ್ರಿ, ಆದ್ದರಿಂದ ಇಷ್ಟದ ಸಂಗ್ರಹವನ್ನು ಫ್ಲಾಕ್ (ಗುಣ ಕೆಡದಂತೆ ಕುಗ್ಗಿಸಿದ ಫೈಲ್) ರೂಪದಲ್ಲಿ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಳ್ಳಿ. ಒಂದು ಸಿಡಿ 300–400 ಎಂಬಿ, 256 ಜಿಬಿಯಲ್ಲಿ 600ಕ್ಕೂ ಹೆಚ್ಚು ಸಿಡಿ ಹಿಡಿಯುತ್ತವೆ.

ಹಂತ 5: ಮಳೆಗಾಲದ ಆರೈಕೆ

ಕ್ಲಾಸ್-ಡಿಗೆ ಒಂದು ಅನಾನುಕೂಲವೂ ಇದೆ, ಅದು ನಮ್ಮ ಕಡೆಯವರನ್ನೇ ಕಾಡುತ್ತದೆ. ಹಳೆಯ ಆಂಪ್ಲಿಫೈಯರ್ ತನ್ನ ಬಿಸಿಗೆ ತಾನೇ ಒಣಗುತ್ತಿತ್ತು. ಇದು ತಣ್ಣಗಿರುವುದರಿಂದ ಒಳಗೆ ಥಂಡಿ ಕೂರುತ್ತದೆ. ಆರಿದ್ರಾ, ಪುನರ್ವಸು, ಪುಷ್ಯದ ಜಡಿಮಳೆಯಲ್ಲಿ ಗುಡುಗು ಕಡಿಮೆ. ಆಗ ಪಿನ್ ಕಿತ್ತಿಡದೆ ಸ್ಟ್ಯಾಂಡ್‌ಬೈನಲ್ಲಿ ಬಿಡಿ, ದಿನಕ್ಕೆ ಒಂದೆರಡು ಗಂಟೆ ಹಾಡಿಸಿ. ಗುಡುಗಿನ ಸದ್ದು ಕೇಳಿದರೆ ಮಾತ್ರ ಕಿತ್ತಿಡಿ. ಬಾಗಿಲಿರುವ ಕಪಾಟಿನಲ್ಲಿಟ್ಟಿದ್ದರೆ ಕೆಳಗೆ 15 ವ್ಯಾಟಿನ ತಂತಿ ಬಲ್ಬು ಉರಿಸಬಹುದು. ಆಂಪ್ಲಿಫೈಯರ್ ಹಾಡುವಾಗ ಬಾಗಿಲು ತೆರೆದಿರಲಿ. ಒಂದು ಆರ್ದ್ರತಾಮಾಪಕ ಇಟ್ಟು ಒಳಗಿನ ತೇವ 60 ಶೇಕಡಾ ಮೀರದಂತೆ ನೋಡಿಕೊಳ್ಳಿ. 70 ದಾಟಿ ನಿಂತರೆ ಬೂಷ್ಟು ಬರುತ್ತದೆ.

ಸ್ಪೀಕರ್ ಕೊಳ್ಳುವಾಗಲೇ ಕೋನಿನ ಸುತ್ತಲಿನ ಅಂಚು ರಬ್ಬರಿನದೇ ನೋಡಿ. ಫೋಮ್ ಅಂಚು ತೇವಕ್ಕೆ ಕ್ರಮೇಣ ಅಂಟಂಟಾಗಿ ಪುಡಿಯಾಗುತ್ತದೆ. ಎಂಡಿಎಫ್ ಪೆಟ್ಟಿಗೆಯ ಹಿಂಬದಿಯ ತೂತಿನ ಅಂಚು, ತಳದ ಅಂಚು ಬರಿದಾಗಿದ್ದರೆ ಬೇಸಿಗೆಯಲ್ಲೇ ಎರಡು ಕೋಟ್ ವಾರ್ನಿಷ್ ಬಳಿಯಿರಿ, ಇಲ್ಲದಿದ್ದರೆ ಅಲ್ಲಿಂದ ಊದಲು ಶುರುವಾಗುತ್ತದೆ. ಪೆಟ್ಟಿಗೆ ಮಾಡಿಸುವವರು ಐಎಸ್ 710 ಗುರುತಿನ ಮೆರೈನ್ ಪ್ಲೈ ಕೇಳಿ. ಆಂಪ್ಲಿಫೈಯರಿನ ಗಾಳಿಕಂಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಹಲ್ಲಿ ಬೆಚ್ಚಗಿನ ಜಾಗ ಹುಡುಕಿ ಒಳಹೊಕ್ಕು ಪವರ್ ಸಪ್ಲೈಯನ್ನು ಶಾರ್ಟ್ ಮಾಡುತ್ತದೆ. ಸ್ಪೀಕರ್ ವೈರಿನ ತುದಿ ಹಸಿರುಗಟ್ಟಿದ್ದರೆ ಎರಡು ಸೆಂಟಿಮೀಟರ್ ಕತ್ತರಿಸಿ ಹೊಸದಾಗಿ ಸುಲಿಯಿರಿ. ಆರ್‌ಸಿಎ ಪ್ಲಗ್ಗುಗಳನ್ನು ತಿಂಗಳಿಗೊಮ್ಮೆ, ಆಂಪ್ಲಿಫೈಯರ್ ಆಫ್ ಇರುವಾಗ, ತಿರುಗಿಸಿ ಮತ್ತೆ ಕೂರಿಸಿದರೆ ಒಂದು ಚಾನಲ್ ಬಂದುಹೋಗುವ ಕಾಟ ತಪ್ಪುತ್ತದೆ.

ಹಳೆಯ ಕ್ಯಾಸೆಟ್ ಇದ್ದವರಿಗೆ

ಮಲೆನಾಡಿನ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಯಕ್ಷಗಾನ, ತಾಳಮದ್ದಳೆಯ ಖಾಸಗಿ ರೆಕಾರ್ಡಿಂಗ್ ಇರುವ ಕ್ಯಾಸೆಟ್ಟುಗಳಿವೆ. ಬೇರೆಲ್ಲೂ ಸಿಗದ ಪ್ರಸಂಗಗಳು ಅವು, ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಹಾಳಾಗುತ್ತಿವೆ. ಇವನ್ನು ಉಳಿಸಲು ಹೊಸ ತಂತ್ರಜ್ಞಾನವನ್ನು ಬಳಸುವುದು ಬಹಳ ಅಗತ್ಯ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಹಾಕಬೇಡಿ, ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅಂಥವನ್ನು ಬೇರೆ ಇಟ್ಟು, ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬದಲ್ಲಿ ಕೆಲವು ದಿನ ಒಣಗಿಸಿ, ಟೇಪಿನ ಸುರುಳಿಯ ಅಂಚನ್ನು ಮೃದು ಬ್ರಷ್ಷಿನಿಂದ ಮನೆಯ ಹೊರಗೆ ಕೊಡವಿ, ಕೊನೆಗೆ ನಕಲು ಮಾಡಿ. ಡೆಕ್ಕಿನ ಹೆಡ್ಡು, ಪಿಂಚ್ ರೋಲರನ್ನು (ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ) ಪ್ರತಿ ಕ್ಯಾಸೆಟ್ಟಿನ ನಂತರ ಒರೆಸಿ: ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್, ರಬ್ಬರಿಗೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ.

ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಬಿಗಿ ಸಡಿಲಿಸಿ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಅಜಿಮತ್ತಿನದು, ಅಂದರೆ ಟೇಪಿಗೆ ಹೆಡ್ಡು ನಿಲ್ಲುವ ಓರೆಯನ್ನು ಹೊಂದಿಸುವಂಥದ್ದು. ಎರಡೂ ಚಾನಲ್ ಸೇರಿಸಿ ಮೊನೊದಲ್ಲಿ ಕೇಳುತ್ತಾ ತುಸು ತುಸು ತಿರುಗಿಸಿ. ತಾಳದ ಕಿಣಿಕಿಣಿ ಎಲ್ಲಿ ಅತ್ಯಂತ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಬೇರೆ ಬೇರೆ ಟೇಪ್ ರೆಕಾರ್ಡರಿನಲ್ಲಿ ಧ್ವನಿಮುದ್ರಣವಾದ ಕ್ಯಾಸೆಟ್ಟಿಗೆ ಇದು ಬೇರೆಯೇ ಇರುತ್ತದೆ, ಆದ್ದರಿಂದ ಪ್ರತಿಯೊಂದಕ್ಕೂ ಮಾಡಬೇಕು. ಡೆಕ್ಕಿನ ಲೈನ್-ಔಟನ್ನು ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ ಕೊಟ್ಟು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ತುಂಬಿಸಿಕೊಳ್ಳಿ. ಚಂಡೆಯ ಅತಿ ಜೋರಿನ ಪೆಟ್ಟು ಮೀಟರಿನಲ್ಲಿ ಮೈನಸ್ 10 ದಾಟದಂತೆ ಮಟ್ಟ ಇಡಿ. ಮೊದಲ ಪ್ರತಿಯನ್ನು ಯಾವ ಶುದ್ಧೀಕರಣವನ್ನೂ ಮಾಡದೆ ಫ್ಲಾಕ್ ಆಗಿ ಉಳಿಸಿ, ಕ್ಯಾಸೆಟ್ಟಿನ ಮೇಲಿನ ಬರಹವನ್ನೇ ಫೈಲಿನ ಹೆಸರಾಗಿಸಿ. ಹಿಸ್ (ಟೇಪಿನ ಸುಯ್ ಸದ್ದು) ತೆಗೆಯುವುದಿದ್ದರೆ ಇನ್ನೊಂದು ಪ್ರತಿಯಲ್ಲಿ ಮಾಡಿ. ಒಂದು ನಕಲು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯ ಹಾರ್ಡ್ ಡಿಸ್ಕಿನಲ್ಲಿ ಇರಲಿ.